ಇಶಿಗುರೊ ಅವರ ‘ನೆವರ್ ಲೆಟ್ ಮಿ ಗೋ’: ಒಂದು ವಿಮರ್ಶೆ

ದಾವಣಗೆರೆಯ ಪಿ.ಜೆ. ಬಡಾವಣೆಯ ಅಂಗಡಿಯೊಂದರಲ್ಲಿ ಕೊಂಡ, ಬ್ರಿಟಿಷ್ ಲೇಖಕ ಕಜುವೊ ಇಶಿಗುರೊ ಅವರ ಈ ಇಂಗ್ಲಿಷ್ ಕಾದಂಬರಿ ಮೊದಲು ಪ್ರಕಟವಾದದ್ದು 2005ರಲ್ಲಿ. ಅಂಗಾಂಗಗಳಿಗಾಗಿಯೇ ಬೆಳೆಸಲಾಗುವ ತದ್ರೂಪಿ (ಕ್ಲೋನ್) ಮನುಷ್ಯರ ಕಥೆಯಾದರೂ ಇದರಲ್ಲಿ ಪ್ರಯೋಗಾಲಯದ ಅಬ್ಬರವಿಲ್ಲ. ಎಲ್ಲವೂ ಇಂಗ್ಲೆಂಡಿನ ಹೇಲ್‌ಶಮ್ ಎಂಬ ವಸತಿಶಾಲೆಯ ನೆನಪುಗಳಿಂದ ಬಿಚ್ಚಿಕೊಳ್ಳುತ್ತದೆ.

ಅಲ್ಲಿನ ಮಕ್ಕಳ ಅತ್ಯುತ್ತಮ ಚಿತ್ರಗಳನ್ನೂ ಕವಿತೆಗಳನ್ನೂ ಹೊರಗಿನಿಂದ ಬರುವ ಮಹಿಳೆಯೊಬ್ಬಳು ಒಯ್ಯುತ್ತಾಳೆ. ಅವು ತಮ್ಮ ಪ್ರೀತಿಗೆ ಸಾಕ್ಷಿಯಾಗಿ, ಅಂಗಾಂಗ ಕೊಡುವ ಸರದಿ ಕೆಲವು ವರ್ಷ ಮುಂದಕ್ಕೆ ಹೋದೀತೆಂದು ಅಲ್ಲಿ ಬೆಳೆದ ಕ್ಯಾಥಿ ಮತ್ತು ಟಾಮಿ ಆಸೆಪಡುತ್ತಾರೆ. ಆದರೆ ಇಂಥವರಿಗೂ ಆತ್ಮವಿದೆಯೆಂದು ಲೋಕಕ್ಕೆ ತೋರಿಸಲಷ್ಟೇ ಆ ಸಂಗ್ರಹ ನಡೆದಿತ್ತೆಂದು ಅವರಿಗೆ ತಿಳಿಯುವ ಭಾಗ ಕೃತಿಯಲ್ಲೇ ಅತ್ಯಂತ ಕಠೋರವಾದದ್ದು. ಮನುಷ್ಯರೆನ್ನಿಸಿಕೊಳ್ಳಲು ಪ್ರತಿಭೆಯ ಪುರಾವೆ ಕೇಳುವ ಆ ಕರುಣೆ ನನಗೆ ನೇರ ಕ್ರೌರ್ಯಕ್ಕಿಂತ ಅಸಹ್ಯವೆನಿಸಿತು. ತನ್ನ ಮೂಲರೂಪವಿರಬಹುದಾದ ಹೆಂಗಸನ್ನು ಅರಸಿ ನಾರ್ಫೋಕ್‌ಗೆ ಹೋದ ಅವರ ಗೆಳತಿ ರೂತ್, ಆಕೆ ತನ್ನಂತಿಲ್ಲವೆಂದು ಅರಿತು, ತಾವೆಲ್ಲ ಸಮಾಜದ ಕಸದಿಂದ ಹುಟ್ಟಿದವರೆಂದು ಸಿಡಿಯುವ ಪ್ರಸಂಗವೂ ಅಷ್ಟೇ ತೀಕ್ಷ್ಣ.

ಇವರೇಕೆ ಓಡಿಹೋಗುವುದಿಲ್ಲ ಎಂಬುದು ಹಲವು ಓದುಗರ ಆಕ್ಷೇಪ. ಒಂದು ಕಾಲದಲ್ಲಿ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಈ ಊರಿನಲ್ಲಿ, ದುಡಿಮೆ ನಿಂತ ದಿನವೇ ತಮ್ಮ ಬೆಲೆಯೂ ಮುಗಿಯಿತೆಂದು ಒಪ್ಪಿಕೊಂಡವರನ್ನು ಕಂಡವರಿಗೆ (ಅಂಥವರು ನಮ್ಮಲ್ಲಿ ಕಡಿಮೆಯೇನಲ್ಲ) ಆ ವಿಧೇಯತೆ ಅಸಹಜವಾಗಿ ಕಾಣದು.

ನಡುವಣ ಭಾಗ ತುಸು ಎಳೆದಂತಿದೆ, ಅಕ್ಷರಗಳೂ ಚಿಕ್ಕವು. ಭಾಷೆ ಮಾತ್ರ ಸರಳವಾಗಿರುವುದರಿಂದ ಪದವಿ ವಿದ್ಯಾರ್ಥಿಗಳೂ ಓದಬಹುದು. 2010ರ ಚಲನಚಿತ್ರವನ್ನು ಮೊದಲೇ ನೋಡಬೇಡಿ. ಕಾದಂಬರಿ ತಡವಾಗಿ ಬಿಟ್ಟುಕೊಡುವ ಗುಟ್ಟನ್ನು ಅದು ಬೇಗನೆ ಹೇಳಿಬಿಡುತ್ತದೆ.