ವಿಕ್ಟರಿ ಹಡಗಿನ ಮಾದರಿ ಕಿಟ್: ಅಟ್ಟಣಿಗೆಗಳನ್ನು ಕಟ್ಟಿ ನೋಡಿದ ಮೇಲೆ

1765ರಲ್ಲಿ ನೀರಿಗಿಳಿದು, ಇಂದಿಗೂ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಲ್ಲಿ ಉಳಿದಿರುವ 104 ತೋಪುಗಳ ಯುದ್ಧನೌಕೆ ವಿಕ್ಟರಿಯ ಮರದ ಮಾದರಿಯನ್ನು 1:100 ಅಳತೆಯಲ್ಲಿ ಜೋಡಿಸಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಒಡಲಿನ ಬಗ್ಗೆ ತಕರಾರಿಲ್ಲ. ಪಟ್ಟಿಗಳು ನೇರವಾಗಿವೆ, ಮರಳು ಕಾಗದದಿಂದ ಎರಡು ಸಲ ಉಜ್ಜಿದರೆ ಚೌಕಟ್ಟಿಗೆ ಚೆನ್ನಾಗಿ ಕೂರುತ್ತವೆ. ನಾನು ವಿವರವಾಗಿ ಹೇಳಬೇಕಾದದ್ದು ಹಾಯಿ ಕಟ್ಟುವ ಕೂವೆಮರಗಳ ಮೇಲಿನ ಅಟ್ಟಣಿಗೆಗಳನ್ನು ಕುರಿತು. ನಾವಿಕರ ಮಾತಿನಲ್ಲಿ ಇವು ‘ಟಾಪ್’ಗಳು.

ಅಟ್ಟಣಿಗೆ ಎಂದರೆ ಬಂದೂಕುಧಾರಿಗಳು ನಿಲ್ಲುವ ಜಾಗವೆಂದೇ ಹಲವರು ತಿಳಿದಿದ್ದಾರೆ. ಅದರ ನಿತ್ಯದ ಕೆಲಸ ಬೇರೆ: ಮೇಲಿನ ಕೂವೆಯನ್ನು ಎರಡೂ ಬದಿಯಿಂದ ಬಿಗಿಹಿಡಿಯುವ ಹಗ್ಗಗಳು ಅಗಲವಾಗಿ ಹರಡಿಕೊಳ್ಳಲು ಅದು ಆಧಾರ. ಆ ಹಗ್ಗಗಳ ಎಳೆತವನ್ನು ತಡೆಯುವುದು ಹಲಗೆಯಲ್ಲ, ಅದರ ಅಂಚಿನಿಂದ ಒಳಮುಖವಾಗಿ ಕೆಳಗಿಳಿಯುವ ಫ್ಯೂಟಕ್ ಹಗ್ಗಗಳು. ಕಿಟ್‌ನ ಕೈಪಿಡಿ ಇವನ್ನು ಬಿಟ್ಟೇಬಿಟ್ಟಿದೆ. ಅದು ಹೇಳಿದಂತೆಯೇ ದಾರ ಬಿಗಿದಾಗ ತೆಳು ಪ್ಲೈವುಡ್‌ನ ಅಂಚು ನನ್ನ ಕಣ್ಣೆದುರೇ ಮೇಲಕ್ಕೆ ಬಾಗಿತು. ಎಲ್ಲವನ್ನೂ ಬಿಚ್ಚಿ, ಫ್ಯೂಟಕ್ ಹಗ್ಗಗಳನ್ನು ಕಟ್ಟಿದ ಮೇಲೆಯೇ ಹಲಗೆ ಸಮವಾಯಿತು. ಕೂವೆಯ ಪಕ್ಕದಲ್ಲಿ ಮನುಷ್ಯ ತೂರುವಷ್ಟು ಕಿಂಡಿ ಇರಬೇಕು. ಕಿಟ್‌ನಲ್ಲಿ ಕೂವೆ ತೂರುವಷ್ಟೇ ಜಾಗವಿದ್ದುದರಿಂದ ಅದನ್ನೂ ನಾನೇ ಕೊರೆದೆ. ಪಳಗಿದ ನಾವಿಕರು ಆ ಕಿಂಡಿಯನ್ನು ಬಿಟ್ಟು, ಬೆನ್ನು ಕೆಳಗಾಗಿ ಜೋತುಕೊಂಡು ಫ್ಯೂಟಕ್ ಹಗ್ಗಗಳ ಮೇಲೆಯೇ ಹತ್ತುತ್ತಿದ್ದರು ಎಂಬುದು ಅವನ್ನು ಕಟ್ಟಿದಾಗ ಮೈ ಜುಮ್ಮೆನ್ನುವಂತೆ ಅರ್ಥವಾಯಿತು.

ಅಟ್ಟಣಿಗೆಗಳಿಗೆಂದು ಕೊಟ್ಟಿರುವ ಹಿತ್ತಾಳೆಯ ಪುಟ್ಟ ತೋಪುಗಳ ಎರಕ ಸೊಗಸಾಗಿದೆ. ಆದರೆ 1805ರ ಟ್ರಫಾಲ್ಗರ್ ಕದನದ ವಿಕ್ಟರಿಯನ್ನು ಮಾಡುವವರು ಅವನ್ನು ಕೂರಿಸಬಾರದೆಂದು ನನ್ನ ಅಭಿಪ್ರಾಯ. ಹಾಯಿಗಳಿಗೆ ಬೆಂಕಿ ತಗಲೀತೆಂದು ಬ್ರಿಟಿಷ್ ನೌಕಾಪಡೆಯ ನಾಯಕ ನೆಲ್ಸನ್ ತನ್ನ ಹಡಗಿನ ಅಟ್ಟಣಿಗೆಗಳಲ್ಲಿ ಗುಂಡು ಹಾರಿಸುವವರನ್ನು ಇರಿಸಲಿಲ್ಲ. ಎದುರಾಳಿ ಫ್ರೆಂಚರ ಹಡಗು ರಿಡೌಟಬಲ್ ಇರಿಸಿತ್ತು. ಅಕ್ಟೋಬರ್ 21ರ ಮಧ್ಯಾಹ್ನ ಅದರ ಹಿಂದಿನ ಕೂವೆಯ ಅಟ್ಟಣಿಗೆಯಿಂದ, ಸುಮಾರು 15 ಮೀಟರ್ ದೂರದಿಂದ, ಬಂದ ಗುಂಡು ನೆಲ್ಸನ್‌ನ ಎಡ ಭುಜವನ್ನು ಹೊಕ್ಕು ಬೆನ್ನೆಲುಬಿಗೆ ನಾಟಿತು. ಮಾದರಿಯ ಅಳತೆಯಲ್ಲಿ ಆ ದೂರ 15 ಸೆಂಟಿಮೀಟರ್. ನೆಲ್ಸನ್ ನಿಂತಿದ್ದ, ಹಡಗಿನ ಹಿಂಭಾಗದ ಮೇಲಟ್ಟದ (ಕ್ವಾರ್ಟರ್ ಡೆಕ್) ಮೇಲೆ ಕೈಯಿಟ್ಟು ನೋಡಿದೆ. ಒಂದು ಗೇಣೂ ಆಗಲಿಲ್ಲ.

ಒಮ್ಮೆಯಾದರೂ ಹಾಯಿಹಡಗಿನ ಮಾದರಿ ಕಟ್ಟಿದವರು ಇದನ್ನು ಧೈರ್ಯವಾಗಿ ಕೊಳ್ಳಬಹುದು. ಅರ್ಧ ಮಿಲಿಮೀಟರಿನ ಕಪ್ಪು ದಾರವನ್ನು ಮಾತ್ರ ಹೆಚ್ಚಿಗೆ ತಂದಿಟ್ಟುಕೊಳ್ಳಿ. ಕಿಟ್‌ನಲ್ಲಿರುವುದು ಫ್ಯೂಟಕ್ ಹಗ್ಗಗಳಿಗೆ ಸಾಲುವುದಿಲ್ಲ.