ಅಂಟವಾಳ ಕಾಯಿ ನೀರು, ಶಹಾಬಾದ ಫರಸಿ ಮನಿಗೆ (ಭಾಳ ದಿನ ಬಳಸಿ ಬರದದ್ದು)

ಕಲಬುರಗಿಯೊಳಗ ನಮ್ದು ಹಳೇ ಮನಿ, ಪಡಸಾಲಿಯಿಂದ ಬಚ್ಚಲ ತನಕ ಎಲ್ಲಾ ಶಹಾಬಾದ ಫರಸಿ, ಅಡಗಿಮನಿ ಕಟ್ಟಿ ಕಡಪಾ ಕಲ್ಲು, ನೀರು ಬೋರಿಂದು, ಭಾಳ ಗಡಸು. ಇಂಥಾ ಮನ್ಯಾಗ ನೆಲ ವರಸ್ಲಿಕ್ಕ ಒಂದೆರಡು ವರ್ಷದಿಂದ ಅಂಟವಾಳ ಕಾಯಿ ನೀರೇ ಬಳಸ್ಲಿಕತ್ತೀವಿ, ಬಾಟ್ಲಿ ಫಿನಾಯಿಲು ದಿನಾ ತರೋದು ಬಿಟ್ಟೀವಿ. ನಮ್ಮ ಕಡಿ ಮನಿಗೋಳಿಗೆ ಇದಕ್ಕಿಂತ ಚೊಲೋದು ನಾ ಕಂಡಿಲ್ರಿ.

ಯಾಕಂದ್ರ ಶಹಾಬಾದ ಕಲ್ಲಂದ್ರ ಸುಣ್ಣದ ಕಲ್ಲು, ವಾಡಿ, ಸೇಡಂ ಕಡಿ ಸಿಮೆಂಟ್ ಮಾಡೋದೂ ಸುಣ್ಣದ ಕಲ್ಲಿಂದಾನೇ. ಇದರ ಮ್ಯಾಲ ಹುಳಿ ಬಿತ್ತಂದ್ರ ಹೊಲಸು ಹೋಗೋದಲ್ಲ, ಕಲ್ಲೇ ತಿಂದು ಹೋಗ್ತದ. ವಿಡಿಯೋದಾಗ ಎಲ್ಲದಕ್ಕೂ ವಿನೆಗರ್ ಹಾಕ್ರಿ, ಲಿಂಬಿ ಹಿಂಡ್ರಿ ಅಂತಾರ, ಗ್ರಾನೈಟಿಗೆ ಟೈಲ್ಸಿಗೆ ಏನರ ನಡೀಬಹುದು, ಫರಸಿಗೆ ಮಾತ್ರ ಬ್ಯಾಡ್ರಿ. ನಮಗಿಂತ ಮದ್ಲ ಈ ಮನ್ಯಾಗ ಇದ್ದವ್ರು ಬಚ್ಚಲಕ್ಕ ಆಸಿಡ್ ಸುರದು ತಿಕ್ಯಾರ, ಅಲ್ಲೆಲ್ಲ ಬೆಳ್ಳನ ಕಲಿ ಬಿದ್ದು ಖರಬರ ಆಗ್ಯಾದ, ಎಷ್ಟು ತೊಳದ್ರೂ ಹೋಗಂಗಿಲ್ಲ, ಮಷೀನ್ ಹಚ್ಚಿ ಪಾಲಿಶ್ ಮಾಡಿಸ್ಬೇಕು ಅಷ್ಟೇ. ಕಡಪಾ ಕಟ್ಟಿಗೂ ಇದೇ ಮಾತು, ಅದೂ ಸುಣ್ಣದ ಕಲ್ಲೇ, ಹೆಚ್ಚಿದ ಲಿಂಬಿಹಣ್ಣು ಅದರ ಮ್ಯಾಲ ಹಂಗೇ ಬಿಡಬ್ಯಾಡ್ರಿ.

ಮಾಡೋದು ಸರಳ ಅದ. ಕಿರಾಣಿ ಅಂಗಡ್ಯಾಗ ರೀಠಾ ಅಂದ್ರೂ ಕೊಡ್ತಾರ. ಹದಿನೈದಿಪ್ಪತ್ತು ಕಾಯಿ ಒಡದು ಬೀಜ ತಗದು ಸಿಪ್ಪಿ ಒಂದು ಲೀಟರ್ ನೀರಾಗ ರಾತ್ರಿ ನೆನಿ ಇಡ್ರಿ, ಮುಂಜಾನಿ ಸಣ್ಣ ಉರಿ ಮ್ಯಾಲ ಕಾಲು ತಾಸು ಕುದಸ್ರಿ, ಆರಿದ ಮ್ಯಾಲ ಕೈಲೆ ಚೊಲೋ ಹಿಚುಕಿ ಹಳೇ ಕಾಟನ್ ಬಟ್ಟಿಲೆ ಸೋಸ್ರಿ. ಅರ್ಧ ಬಕೆಟ್ ನೀರಿಗೆ ಒಂದು ಬಟ್ಟಲ ಸಾಕು. ಸಬಕಾರ ಗಡಸು ನೀರಾಗ ಮೊಸರಿನಂಗ ಒಡದು ನೆಲಕ್ಕ ಬೆಳ್ಳನ ಪರಿ ಕೂಡಸ್ತದ, ಅಂಟವಾಳದಾಗ ನೊರಿ ಕೊಡೋದು ಸಪೋನಿನ್, ಅದು ನಮ್ಮ ಬೋರಿನ ನೀರಾಗೂ ಕೆಲಸ ಮಾಡ್ತದ, ಫರಸಿ ಮ್ಯಾಲ ಕಲಿ ನಿಲ್ಲಂಗಿಲ್ಲ. ವರಸಾಕಿಗೆ ಕೈ ಉರಿ ಇಲ್ಲ, ಮೂಗಿಗೆ ಹೊಡೆಯೋ ಘಾಟೂ ಇಲ್ಲ. ಬಿಸಲಗಾಲದಾಗ ಕಿಡಕಿಯಿಂದ ಬರೋ ಧೂಳು, ರೊಟ್ಟಿ ಬಡದಾಗ ಕಟ್ಟಿ ಮ್ಯಾಲ ಕೂಡೋ ಜ್ವಾಳದ ಹಿಟ್ಟು, ಎರಡಕ್ಕೂ ಇದು ಸಾಕಾಗ್ತದ, ಹಿಟ್ಟು ಮಾತ್ರ ಮದ್ಲ ಒಣ ಅರಬಿಲೆ ಜಾಡಿಸ್ಬೇಕು ಇಲ್ಲಂದ್ರ ಅಂಟಾಗಿ ಕೂಡ್ತದ.

ಕಮ್ಮಿ ಎಲ್ಲಿ ಬೀಳ್ತದ ಅಂದ್ರ ಒಲಿ ಹಿಂದಿನ ಗೋಡಿ ಜಿಡ್ಡಿಗೆ. ಅಲ್ಲಿ ಬಿಸಿನೀರಾಗ ಒಂದೆರಡು ಚಮಚ ಅಡಗಿ ಸೋಡಾ ಹಾಕಿ ತಿಕ್ಕಬೇಕು. ಆ ಸೋಡಾದಾಗ ವಿನೆಗರ್ ಕೂಡಸಿದ್ರ ಬುಸ್ ಅಂತ ನೊರಿ ಬರ್ತದಲ್ಲ, ಅದು ಬರೇ ಗ್ಯಾಸು, ಒಂದಕ್ಕೊಂದು ಹೊಡದು ಎರಡರ ಶಕ್ತೀನೂ ಹೋಗ್ತದ, ಕೂಡಸೋ ಅವಶ್ಯಕತಾ ಇಲ್ಲ. ವಿನೆಗರ್ ನಾನು ಇಟ್ಟಿರೋದು ನಳದ ಮ್ಯಾಲ ಕೂಡೋ ಬೆಳ್ಳನ ಉಪ್ಪಿಗೆ ಒಂದಕ್ಕೇ, ಅರಬಿ ತೋಯ್ಸಿ ಸ್ಟೀಲ್ ನಳಕ್ಕ ಹತ್ತು ನಿಮಿಷ ಸುತ್ತಿ ತೊಳೀತೀನಿ, ಕೆಳಗ ಒಂದು ಬೋಗುಣಿ ಇಡ್ತೀನಿ ಫರಸಿಗೆ ಹನಿ ಬೀಳಬಾರ್ದಂತ.

ಇನ್ನೊಂದು, ಅಂಟವಾಳ ನೀರು ರೋಗದ ಕ್ರಿಮಿ ಕೊಲ್ಲೋ ಔಷಧ ಅಂತ ತಿಳಕೋಬ್ಯಾಡ್ರಿ. ಮನ್ಯಾಗ ಯಾರಿಗರ ವಾಂತಿ ಭೇದಿ ಆದಾಗ ಸಂಡಾಸಿಗೆ ಬ್ಲೀಚೇ ಬೇಕು. ಆದ್ರ ಬ್ಲೀಚ್ ಜೋಡಿ ವಿನೆಗರ್, ಲಿಂಬಿ, ಆಸಿಡ್ ಯಾವತ್ತೂ ಕೂಡಸಬ್ಯಾಡ್ರಿ, ಕ್ಲೋರಿನ್ ಗ್ಯಾಸ್ ಏಳ್ತದ, ಕಿಡಕಿ ಇಲ್ಲದ ಸಣ್ಣ ಬಚ್ಚಲದಾಗ ಅದು ಉಸಿರು ಹಿಡಸಿ ಜೀವಕ್ಕೇ ಅಪಾಯ ಮಾಡ್ತದ, ಕೆಲಸಕ್ಕ ಬರೋ ಅಕ್ಕಗೂ ಇದನ್ನ ಕೂಡ್ರಿಸಿ ತಿಳಿಸಿ ಹೇಳ್ರಿ.

ಅಂಟವಾಳ ನೀರು ಕಣ್ಣಿಗೆ ಬಿದ್ರ ಭಾಳ ಉರೀತದ, ಸಣ್ಣ ಹುಡುಗ್ರ ಕೈಗೆ ಸಿಗೋ ಹಂಗ ಇಡಬ್ಯಾಡ್ರಿ. ಕಂದು ಬಣ್ಣ ಇರೋದ್ರಿಂದ ಬಿಳಿ ಅರಬಿಗೆ ಕಲಿ ಹಿಡೀಬಹುದು. ಮತ್ತ ಇದು ಇಟ್ರ ಉಳಿಯೋ ಸಾಮಾನಲ್ಲ, ನಮ್ಮ ಎಪ್ರಿಲ್ ಮೇ ಬಿಸಲಿಗೆ ಮರುದಿನಾನೇ ವಾಸನಿ ಹೊಡೀತದ, ಫ್ರಿಜ್ಜಿನಾಗ ಒಂದು ವಾರ ತಡೀತದ, ಅದಕ್ಕ ನಾನು ಐಸ್ ಟ್ರೇದಾಗ ಹಾಕಿ ಗಡ್ಡಿ ಮಾಡಿ ಇಟ್ಟು ಬೇಕಾದಷ್ಟು ತಗೀತೀನಿ.