ದ್ವೀಪದ ಫೋಟೊ ಪ್ಯಾಕೇಜ್: ನಮಗೆ ಟೋಪಿ ಹಾಕಿದ ಬಗೆ

ಆ ಸಂಸ್ಥೆಯ ಪುಟದಲ್ಲಿ ಐದು ನಕ್ಷತ್ರಗಳ ಒಂದು ಅಭಿಪ್ರಾಯ ಇತ್ತು. "ಮನಸ್ಸಿಗೆ ನೆಮ್ಮದಿ, ಕೈಗೆ ಸುಂದರ ಚಿತ್ರಗಳು, ಮತ್ತೆ ಬರುತ್ತೇವೆ." ಬರೆದವಳು ನಾನೇ. ಒಂದೇ ಒಂದು ಚಿತ್ರ ಕೈಗೆ ಬರುವ ಮೊದಲೇ ಬರೆದೆ. ನನ್ನಿಂದ ಹೇಗೆ ಬರೆಸಿಕೊಂಡರು ಎಂಬುದನ್ನು ಮುಂದೆ ಹೇಳುತ್ತೇನೆ. ಆದರೆ ಇದನ್ನು ಮೊದಲು ಒಪ್ಪಿಕೊಳ್ಳದೆ ಉಳಿದದ್ದನ್ನು ಬರೆಯಲು ನನಗೆ ಮುಖವಿಲ್ಲ. ಅದನ್ನು ನಂಬಿ ಯಾರಾದರೂ ಮುಂಗಡ ಕಟ್ಟಿದ್ದರೆ ದಯವಿಟ್ಟು ಕ್ಷಮಿಸಿ.

ಮದುವೆಯಾಗಿ ಹತ್ತು ವರ್ಷ. ನಾವಿಬ್ಬರೇ ಎಂದು ಎಲ್ಲಿಗೂ ಹೋದದ್ದಿಲ್ಲ. ಇಬ್ಬರೂ ಒಟ್ಟಿಗಿರುವ ಒಳ್ಳೆಯ ಚಿತ್ರ ಎಂದರೆ ಮದುವೆಯ ಆಲ್ಬಮ್ಮಿನವು ಮಾತ್ರ. ಆಮೇಲಿನವೆಲ್ಲ ಒಬ್ಬರನ್ನೊಬ್ಬರು ತೆಗೆದದ್ದು, ಇಲ್ಲವೇ ಕೈ ಚಾಚಿ ತೆಗೆದುಕೊಂಡ ಸೆಲ್ಫಿ. ಹಾಗಾಗಿ "ದಂಪತಿಗಳಿಗೆ ವಿಶ್ರಾಂತಿಯ ದ್ವೀಪವಾಸ, ಜೊತೆಗೆ ಮೂರು ಫೋಟೊ ಶೂಟ್" ಎಂಬುದು ಕಣ್ಣಿಗೆ ಬಿದ್ದಾಗ ಹಟ ಹಿಡಿದವಳು ನಾನು. ಇವರಿಗೆ ಕ್ಯಾಮೆರಾ ಮುಂದೆ ನಿಲ್ಲುವುದೆಂದರೆ ಹಲ್ಲು ಕೀಳಿಸಿಕೊಳ್ಳಲು ಕುಳಿತ ಹಾಗೆ. "ಫೋಟೊ ಗೀಟೊ ಬೇಡ, ಸುಮ್ಮನೆ ಸಮುದ್ರ ನೋಡುತ್ತಾ ಬಿದ್ದಿರೋಣ" ಎಂದರು. ಆ ಮಾತು ಕೇಳಬೇಕಿತ್ತು.

ಒಪ್ಪಂದ ಹೀಗಿತ್ತು: ನಾಲ್ಕು ದಿನ, ಒಂದು ಶೂಟ್ ಮುಂಜಾನೆ, ಒಂದು ಸಂಜೆ, ಒಂದು ಕಡಲ ನಡುವಿನ ಮರಳ ದಿಬ್ಬದ ಮೇಲೆ. ಡ್ರೋನ್ ವಿಡಿಯೊ. ತಿದ್ದಿ ಕೊಡುವ 150 ಚಿತ್ರಗಳು. ಅರ್ಧ ಹಣ ಮುಂಗಡ, ಉಳಿದರ್ಧ ದ್ವೀಪಕ್ಕೆ ಕಾಲಿಟ್ಟ ದಿನವೇ. ಚಿತ್ರ ಕೊಟ್ಟ ಮೇಲೆ ಕೊಡಲು ಒಂದು ಕಾಸೂ ಉಳಿದಿರಲಿಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂದು ಊರಿಗೆಲ್ಲ ಹೇಳುವ ನಾನೇ ಸಂತೋಷದಿಂದ ಕೊಟ್ಟೆ.

ಮಾದರಿಯೆಂದು ಕಳಿಸಿದ ಚಿತ್ರಗಳನ್ನು ನೋಡಿಯಾದರೂ ಎಚ್ಚರಗೊಳ್ಳಬೇಕಿತ್ತು. ಅವುಗಳಲ್ಲಿ ಎರಡರಲ್ಲಿ ಜೋಡಿಯ ಹಿಂದೆ ನೆಟ್ಟಗೆ ಎದ್ದು ನಿಂತ ಸುಣ್ಣಕಲ್ಲಿನ ಬಂಡೆಗಳಿದ್ದವು, ಥಾಯ್ಲೆಂಡಿನ ಫಿ ಫಿ ದ್ವೀಪಗಳಲ್ಲಿ ಇರುವಂಥವು. ನಾವು ಹೋಗುತ್ತಿದ್ದದ್ದು ಹವಳದ ದ್ವೀಪಕ್ಕೆ. ಹವಳದ ಚೂರು, ಮರಳು ಸೇರಿ ಆದ ನೆಲದಲ್ಲಿ ಬೆಟ್ಟ ಎಲ್ಲಿಂದ ಬರಬೇಕು? ಮಾಲ್ಡೀವ್ಸ್‌ನಂಥ ಹವಳದ ದೇಶದಲ್ಲಿ ನೆಲದ ಸರಾಸರಿ ಎತ್ತರ ಸಮುದ್ರಮಟ್ಟದಿಂದ ಒಂದೂವರೆ ಮೀಟರಿನ ಆಸುಪಾಸು. ಶಾಲೆಯಲ್ಲಿ ಭೂಗೋಳ ಓದಿದ ಯಾರಿಗಾದರೂ ಹೊಳೆಯಬೇಕಾದ ವಿಷಯ. ನನಗೆ ಹೊಳೆದದ್ದು ಆ ಹುಡುಗಿ ಉಟ್ಟಿದ್ದ ಬಟ್ಟೆಯ ಬಣ್ಣ ಮಾತ್ರ.

ದೋಣಿಯಿಂದ ಇಳಿಯುತ್ತಿದ್ದಂತೆಯೇ ಒಬ್ಬ ಹೆಣ್ಣುಮಗಳು ಟ್ಯಾಬ್ಲೆಟ್ ಮುಂದೆ ಹಿಡಿದಳು. "ಸುರಕ್ಷತೆಯ ಫಾರಂ ಮೇಡಂ, ಇಲ್ಲಿ ಬೆರಳಿನಿಂದ ಸಹಿ ಮಾಡಿ." ಬಿಸಿಲು, ಕೈಯಲ್ಲಿ ಚೀಲ, ಹಿಂದೆ ಇಳಿಯಲು ಕಾಯುತ್ತಿರುವ ಜನ. ಓದದೆ ಸಹಿ ಮಾಡಿದೆ. ಈ ಸಹಿಯನ್ನು ನೆನಪಿಟ್ಟುಕೊಳ್ಳಿ.

ಮುಂಜಾನೆಯ ಶೂಟ್‌ಗೆಂದು ನಾಲ್ಕೂವರೆಗೆ ಬಾಗಿಲು ಬಡಿದರು. ತಲೆ ಬಾಚಿ, ಸಿದ್ಧವಾಗಿ, ದಡಕ್ಕೆ ಹೋದರೆ ಅಲ್ಲಿ ನಮ್ಮ ಹಾಗೆಯೇ ಸಿದ್ಧವಾಗಿ ಬಂದ ಇನ್ನೂ ನಾಲ್ಕು ಜೋಡಿಗಳು! ಫೋಟೊಗ್ರಾಫರ್ ಒಬ್ಬನೇ. ಫೋಟೊಗ್ರಾಫರುಗಳು ಹಾತೊರೆಯುವ ಹೊಂಬೆಳಕು ಸೂರ್ಯ ದಿಗಂತಕ್ಕೆ ಐದಾರು ಡಿಗ್ರಿ ಹತ್ತಿರ ಇರುವಾಗ ಮಾತ್ರ ಸಿಗುವುದು. ಸಮಭಾಜಕ ವೃತ್ತದ ಕಡೆ ಸೂರ್ಯ ಓರೆಯಾಗಿ ಜಾರುವುದಿಲ್ಲ, ನೆಟ್ಟಗೆ ಏರುತ್ತಾನೆ, ನೆಟ್ಟಗೆ ಇಳಿಯುತ್ತಾನೆ. ಅಲ್ಲಿ ಆ ಬೆಳಕು ಅರ್ಧ ಗಂಟೆಯೂ ನಿಲ್ಲುವುದಿಲ್ಲ. ಅರ್ಧ ಗಂಟೆ, ಐದು ಜೋಡಿ, ಒಬ್ಬ ಫೋಟೊಗ್ರಾಫರ್. ಲೆಕ್ಕ ನೀವೇ ಮಾಡಿ. ಈ ಲೆಕ್ಕ ಅವರಿಗೆ ಗೊತ್ತಿಲ್ಲದ್ದೇ? ಗೊತ್ತಿದ್ದೇ ಐದು ಜೋಡಿಗಳಿಂದ ಹಣ ತೆಗೆದುಕೊಂಡಿದ್ದರು.

ನಮ್ಮ ಸರದಿ ಬಂದಾಗ ಸೂರ್ಯ ನೆತ್ತಿಯ ಮೇಲಿದ್ದ. "ಮುಂಜಾನೆಯ ಶೂಟ್ ಅಲ್ಲವೇ?" ಎಂದೆ. "ಬೆಳಕು ಈಗಲೇ ಚೆನ್ನಾಗಿದೆ ಮೇಡಂ" ಎಂದ ಹುಡುಗ. ಬಿಸಿಲಿಗೆ ಕಣ್ಣು ತೆರೆಯಲಾಗುತ್ತಿರಲಿಲ್ಲ. ಅದಕ್ಕೆ ಅವನೇ ಒಂದು ಅಗಲ ಅಂಚಿನ ಹುಲ್ಲಿನ ಟೋಪಿ ತಂದು ನನ್ನ ತಲೆಯ ಮೇಲಿಟ್ಟ. ಅದಕ್ಕೂ ಬಾಡಿಗೆ ಇತ್ತೆಂಬುದು ಕೊನೆಯ ಬಿಲ್ಲಿನಲ್ಲಿ ತಿಳಿಯಿತು. ಟೋಪಿ ಹಾಕುವುದು ಎಂಬ ಮಾತನ್ನು ಇಷ್ಟು ಅಕ್ಷರಶಃ ನಡೆಸಿಕೊಟ್ಟವರನ್ನು ನಾನು ಬೇರೆ ಕಂಡಿಲ್ಲ.

ಅದೇ ರಾತ್ರಿ ಟ್ಯಾಬ್ಲೆಟ್ಟಿನ ಹೆಣ್ಣುಮಗಳು ಕೋಣೆಗೆ ಬಂದಳು. ಬಹಳ ನಯ. "ಅಭಿಪ್ರಾಯ ಬರೆದವರ ಚಿತ್ರಗಳನ್ನು ಮೊದಲು ತಿದ್ದುತ್ತಾರೆ ಮೇಡಂ, ಇಲ್ಲದಿದ್ದರೆ ತಿಂಗಳು ಹಿಡಿಯುತ್ತದೆ." ನಾನು ಬರೆಯುವಾಗ ಪಕ್ಕದಲ್ಲೇ ನಿಂತಿದ್ದಳು. ನಾಲ್ಕು ನಕ್ಷತ್ರ ಒತ್ತಿದ್ದೆ. ನೋಡಿ ನಕ್ಕಳು. ಆ ನಗುವಿಗೆ ಐದನೆಯದನ್ನೂ ಒತ್ತಿದೆ. ಸಂಕೋಚ. ನಮ್ಮ ಜನ್ಮಕ್ಕಂಟಿದ ಸಂಕೋಚವೇ ಇಂಥ ಸಂಸ್ಥೆಗಳ ಬಂಡವಾಳ.

ಉಳಿದ ಶೂಟ್‌ಗಳ ಕತೆ ಬೇಗ ಮುಗಿಸುತ್ತೇನೆ. ಸಂಜೆಯದು ಕತ್ತಲಲ್ಲಿ ನಡೆಯಿತು. ಮರಳ ದಿಬ್ಬಕ್ಕೆ ಹೋದಾಗ ದಿಬ್ಬವೇ ಇರಲಿಲ್ಲ, ಮೊಣಕಾಲುದ್ದ ನೀರು. "ಸಮುದ್ರ ಏರಿದೆ, ನಮ್ಮ ಕೈಯಲ್ಲಿ ಏನಿದೆ ಸರ್?" ಎಂದರು. ಉಬ್ಬರ ಇಳಿತದ ವೇಳಾಪಟ್ಟಿ ವರ್ಷಕ್ಕೆ ಮೊದಲೇ ಅಚ್ಚಾಗಿರುತ್ತದೆ. ಉಬ್ಬರದ ವೇಳೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಅಷ್ಟೇ. ಸಮುದ್ರದ ಮೇಲೆ ಹೊಟ್ಟೆ ಹೊರೆಯುವವರಿಗೆ ಇದು ಗೊತ್ತಿಲ್ಲವೆಂದರೆ ನಂಬಬೇಕೇ? ಡ್ರೋನ್‌ಗೆ ಅನುಮತಿ ಸಿಕ್ಕಿಲ್ಲ ಎಂದರು. ಹಾಗಾದರೆ ಪ್ಯಾಕೇಜಿನಲ್ಲಿ ಹಾಕಿದ್ದು ಯಾಕೆ ಎಂದು ಇವರು ಕೇಳಿದರು. ಉತ್ತರ ಬರಲಿಲ್ಲ. ವಿಶ್ರಾಂತಿಯ ಮಾತಂತೂ ಕೇಳಲೇಬೇಡಿ. ಇವರು ಓದಲೆಂದು ಒಯ್ದ ಪುಸ್ತಕದಲ್ಲಿ ಗುರುತಿನ ಚೀಟಿ ಇಂದಿಗೂ ಹನ್ನೊಂದನೆಯ ಪುಟದಲ್ಲಿದೆ.

ಮನೆಗೆ ಬಂದ ಐದು ವಾರಗಳಿಗೆ ಚಿತ್ರಗಳು ಬಂದವು. ವಾಟ್ಸ್‌ಆ್ಯಪ್‌ನಲ್ಲಿ. 38.

ಮೊದಲು ನೋಡಿದಾಗ, ಸತ್ಯ ಹೇಳುತ್ತೇನೆ, ಸಂತೋಷವೇ ಆಯಿತು. ಒಂದರಲ್ಲಿ ನಾವಿಬ್ಬರೂ ದಡದಲ್ಲಿ ನಿಂತಿದ್ದೇವೆ, ಹಿಂದೆ ಕೆಂಪು ಆಕಾಶ, ನೀರಿನ ಅಂಚಿಗೆ ಇಳಿದ ಸೂರ್ಯ. ನೆಂಟರಿಗೆಲ್ಲ ಕಳಿಸಿದೆ. ಎಲ್ಲರೂ ಮೆಚ್ಚಿದರು. ಇವರು ಮಾತ್ರ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ, "ನಮ್ಮ ನೆರಳು ಎಲ್ಲಿದೆ ನೋಡು" ಎಂದರು.

ನೋಡಿದೆ. ಸೂರ್ಯ ಬೆನ್ನ ಹಿಂದೆ ಮುಳುಗುತ್ತಿದ್ದರೆ ನೆರಳು ಕ್ಯಾಮೆರಾದ ಕಡೆಗೆ ಉದ್ದಕ್ಕೆ ಚಾಚಿರಬೇಕು. ನಮ್ಮ ನೆರಳು ಕಾಲ ಬುಡದಲ್ಲಿ, ಚೆಲ್ಲಿದ ಮಸಿಯ ಹಾಗೆ, ಮುದುಡಿ ಬಿದ್ದಿತ್ತು. ಟೋಪಿಯ ಅಂಚಿನ ನೆರಳು ನೇರವಾಗಿ ನನ್ನ ಮೂಗಿನ ಮೇಲಿತ್ತು. ಅದು ಮಟಮಟ ಮಧ್ಯಾಹ್ನದ ಚಿತ್ರ. ಆಕಾಶವನ್ನು ಮಾತ್ರ ಕತ್ತರಿಸಿ ಬೇರೊಂದನ್ನು ಅಂಟಿಸಿದ್ದರು. ಅವರೇ ಗಡಿಬಿಡಿಯಲ್ಲಿ ತಿದ್ದದ ಒಂದು ಮೂಲ ಫೈಲನ್ನೂ ಡಾಕ್ಯುಮೆಂಟ್ ಆಗಿ ಕಳಿಸಿಬಿಟ್ಟಿದ್ದರು. ಅದರೊಳಗೆ ಕ್ಯಾಮೆರಾ ದಾಖಲಿಸಿದ ವೇಳೆ ಇತ್ತು: 12.41.

ಇನ್ನೂ ಇದೆ. ದ್ವೀಪದಲ್ಲಿ ಪರಿಚಯವಾದ ಇನ್ನೊಂದು ಜೋಡಿಯ ಜೊತೆ ನಂಬರ್ ಬದಲಾಯಿಸಿಕೊಂಡಿದ್ದೆವು. ಅವರಿಗೆ ಬಂದ ಚಿತ್ರಗಳನ್ನು ಕೇಳಿ ತರಿಸಿಕೊಂಡೆ. ಅದೇ ಕೆಂಪು ಆಕಾಶ. ಅದೇ ಜಾಗದಲ್ಲಿ ಅದೇ ಆನೆಯ ಸೊಂಡಿಲಿನ ಆಕಾರದ ಮೋಡ. ಮೋಡದ ಕೆಳಗೆ ಅದೇ ಮೂರು ಹಕ್ಕಿಗಳು. ಎರಡು ಫೋನ್‌ಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಆ ಹಕ್ಕಿಗಳನ್ನೇ ನೋಡುತ್ತಾ ಎಷ್ಟು ಹೊತ್ತು ಕುಳಿತಿದ್ದೆನೋ. ಅಳು ಬರಲಿಲ್ಲ, ನಾಚಿಕೆಯಾಯಿತು. ನೆಂಟರಿಗೆಲ್ಲ ಕಳಿಸಿದ್ದೆನಲ್ಲ! ಅವರಲ್ಲಿ ಯಾರೋ ನೆರಳನ್ನು ನೋಡಿಯೂ ಸುಮ್ಮನಿದ್ದಿರಬಹುದು ಎಂದು ಈಗಲೂ ಅನಿಸುತ್ತದೆ.

ಫೋನ್ ಮಾಡಿದರೆ ಎತ್ತುವುದಿಲ್ಲ, ಸಂದೇಶಕ್ಕೆ ಮಾತ್ರ ಉತ್ತರ. ಉತ್ತರಗಳನ್ನು ನೀವೂ ಓದಿ.

150 ಎಲ್ಲಿ ಎಂದು ಕೇಳಿದ್ದಕ್ಕೆ: "150ರವರೆಗೆ ಎಂದು ಬರೆದಿದೆ ಮೇಡಂ. ವರೆಗೆ."

ಆಕಾಶ ಯಾಕೆ ಬದಲಾಯಿಸಿದಿರಿ ಎಂದದ್ದಕ್ಕೆ: "ಅದು ಕಲಾತ್ಮಕ ತಿದ್ದುಪಡಿ. ಹೆಚ್ಚಿನ ಗ್ರಾಹಕರು ಇಷ್ಟಪಡುತ್ತಾರೆ."

ಉಳಿದ ಚಿತ್ರ ಯಾಕೆ ಚೆನ್ನಾಗಿಲ್ಲ ಎಂದದ್ದಕ್ಕೆ: "ಸರ್ ನಗುವುದಿಲ್ಲ. ನಾವೇನು ಮಾಡೋಣ?"

ಇದನ್ನು ಓದಿ ಇವರು ನಕ್ಕರು. ಆ ಪ್ರವಾಸದಲ್ಲಿ ಮೊದಲ ಸಲ, ಅದೂ ಮನೆಗೆ ಬಂದ ಮೇಲೆ.

ಗೋಡೆಗೆ ಹಾಕಲು ದೊಡ್ಡ ಫೈಲ್ ಬೇಕು ಎಂದರೆ ಪ್ರತಿ ಚಿತ್ರಕ್ಕೂ ಬೇರೆ ಹಣವಂತೆ. ಬಂದದ್ದು 1600 ಪಿಕ್ಸೆಲ್ ಅಗಲದ ಚಿತ್ರಗಳು. ಚೊಕ್ಕವಾಗಿ ಮುದ್ರಿಸಲು ಇಂಚಿಗೆ 300 ಪಿಕ್ಸೆಲ್ ಬೇಕೆನ್ನುತ್ತಾರೆ. ಆ ಲೆಕ್ಕದಲ್ಲಿ ಐದು ಇಂಚು ಚಿಲ್ಲರೆ, ಒಂದು ಅಂಚೆ ಕಾರ್ಡಿನಷ್ಟು. ನಾನು ಮಾಡಿಸಿಟ್ಟ ಚೌಕಟ್ಟು ಹದಿನೆಂಟು ಇಂಚಿನದು. ಅದು ಗೋಡೆಯ ಮೇಲೆ ಹಾಗೆಯೇ ಖಾಲಿ ಇದೆ.

ಹೋಗಲೇಬೇಕೆಂದಿರುವವರಿಗೆ ಎರಡು ಮಾತು, ಜಾಸ್ತಿ ಉಪದೇಶ ಮಾಡುವ ಅರ್ಹತೆ ನನಗಿಲ್ಲ. ಕಾಲು ಭಾಗದಷ್ಟಾದರೂ ಹಣವನ್ನು ಚಿತ್ರ ಕೈಗೆ ಬರುವವರೆಗೆ ಹಿಡಿದುಕೊಳ್ಳಿ. ಒಪ್ಪದಿದ್ದರೆ ಬಿಟ್ಟುಬಿಡಿ. "ವರೆಗೆ" ಎಂಬ ಪದ ಕಂಡಲ್ಲಿ ಗೆರೆ ಎಳೆದು "ಕನಿಷ್ಠ" ಎಂದು ಬರೆಸಿ. ಎಷ್ಟು ಚಿತ್ರ, ಯಾವ ಗಾತ್ರದ್ದು, ಎಷ್ಟು ದಿನದಲ್ಲಿ, ಆ ಬೆಳಕಿನಲ್ಲಿ ನಿಮ್ಮ ಜೊತೆ ಇನ್ನೆಷ್ಟು ಜೋಡಿ, ಎಲ್ಲವೂ ಬರಹದಲ್ಲಿರಲಿ. ಮಾದರಿ ಚಿತ್ರಗಳನ್ನು ಗೂಗಲ್ ಲೆನ್ಸ್‌ಗೆ ಹಾಕಿ, ಅದೇ ಚಿತ್ರ ಅಂತರ್ಜಾಲದಲ್ಲಿ ಬೇರೆಲ್ಲಾದರೂ ಇದೆಯೇ ಎಂದು ಹುಡುಕಿ ನೋಡಿ. ಎರಡು ನಿಮಿಷದ ಕೆಲಸ, ನಾನು ಮಾಡದ ಕೆಲಸ. ಅಭಿಪ್ರಾಯ ಬರೆಯಿರಿ ಎಂದು ಯಾರಾದರೂ ಪಕ್ಕದಲ್ಲಿ ಬಂದು ನಿಂತರೆ ಫೋನ್ ಒಳಗಿಡಿ. ಮತ್ತು ದೋಣಿಯಿಂದ ಇಳಿಯುವಾಗ ಏನಕ್ಕೂ ಸಹಿ ಮಾಡಬೇಡಿ.

ಆ ಸಹಿಯ ಕತೆ ಹೋದ ವಾರ ಗೊತ್ತಾಯಿತು. ಸಂಸ್ಥೆಯ ಹೊಸ ಜಾಹೀರಾತಿನಲ್ಲಿ ನಮ್ಮಿಬ್ಬರ ಚಿತ್ರ ಇದೆ ಎಂದು ನನ್ನ ನಾದಿನಿ ಕಳಿಸಿದಳು. ಬೆನ್ನು ಕ್ಯಾಮೆರಾ ಕಡೆಗೆ, ತಲೆಯ ಮೇಲೆ ಆ ಹುಲ್ಲಿನ ಟೋಪಿ, ಮುಂದೆ ಕೆಂಪು ಆಕಾಶ, ಸೊಂಡಿಲಿನ ಮೋಡ, ಮೂರು ಹಕ್ಕಿ. ಕೇಳಿದರೆ, ಚಿತ್ರಗಳನ್ನು ಪ್ರಚಾರಕ್ಕೆ ಬಳಸಲು ನೀವೇ ಒಪ್ಪಿದ್ದೀರಿ ಎಂದು ನನ್ನ ಬೆರಳಿನ ಸೊಟ್ಟ ಸಹಿಯನ್ನು ಕಳಿಸಿದರು. ಸಿಟ್ಟಿನಲ್ಲಿ ಆ ಹಳೆಯ ಐದು ನಕ್ಷತ್ರಗಳನ್ನು ಅಳಿಸಿ ಒಂದೇ ನಕ್ಷತ್ರ ಕೊಟ್ಟು, ನಡೆದದ್ದೆಲ್ಲವನ್ನೂ ಅಲ್ಲೇ ಬರೆದೆ. ಅದರ ಕೆಳಗೆ ಗಂಟೆಯೊಳಗೆ ಅವರ ಉತ್ತರ ಬಂತು: "ಈ ಹೆಸರಿನ ಗ್ರಾಹಕರು ನಮ್ಮಲ್ಲಿಗೆ ಬಂದೇ ಇಲ್ಲ. ಇದು ಪ್ರತಿಸ್ಪರ್ಧಿಗಳ ಕೆಲಸ."

ಅದೇ ಪುಟದ ನೆತ್ತಿಯ ಮೇಲೆ, ಆ ಉತ್ತರಕ್ಕಿಂತ ಒಂದು ಗೇಣು ಮೇಲೆ, ಟೋಪಿ ಹಾಕಿಕೊಂಡು ನಾನು ನಿಂತಿದ್ದೇನೆ.